‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’: ಯುನಿಯೋಶಿ ದೃಶ್ಯಗಳನ್ನು ಇಟ್ಟು ತೋರಿಸೋದಾ, ಕತ್ತರಿಸೋದಾ?

ಮೂರನೇಸಾಲು ಕೇಳಿದ್ದು:

ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಹಳೇ ರೊಮ್ಯಾಂಟಿಕ್ ಕಾಮಿಡಿಗಳ ಸರಣಿ ನಡೀತಿದೆ. ಮುಂದಿನ ಚಿತ್ರ 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’. ಚಿತ್ರ ಮುಗಿದ ಮೇಲೆ ಮುಕ್ಕಾಲು ಗಂಟೆ ಚರ್ಚೆ ಇದೆ, ವಿಷಯ ‘ಈ ಚಿತ್ರದಲ್ಲಿ ಯಾರಿಗೆ ಜಾಗ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ’. ತಲೆನೋವಾಗಿರೋದು ಬಿಳಿ ನಟ ಮಿಕ್ಕಿ ರೂನಿ ಮಾಡಿದ ಜಪಾನಿ ನೆರೆಮನೆಯವನ ಪಾತ್ರ, ಮಿಸ್ಟರ್ ಯುನಿಯೋಶಿ. ಆ ದೃಶ್ಯಗಳನ್ನು ತೆಗೆದು ತೋರಿಸೋಣ ಅಂತ ಸಮಿತಿಯಲ್ಲಿ ಕೆಲವರು ಹಟ ಹಿಡಿದಿದ್ದಾರೆ. ಇನ್ನು ಕೆಲವರದು ‘ಆ ಕಾಲವೇ ಹಾಗಿತ್ತು, ದೊಡ್ಡದು ಮಾಡಬೇಡಿ’ ಅನ್ನೋ ವಾದ.

ಮೂರು ಪ್ರಶ್ನೆ ಇವೆ. ಕತ್ತರಿಸಿದರೆ ಕಥೆಗೆ ಏನಾಗುತ್ತೆ? ‘ಆ ಕಾಲವೇ ಹಾಗಿತ್ತು’ ಅನ್ನೋ ಮಾತು ಎಷ್ಟು ನಿಜ? ಯುನಿಯೋಶಿಯನ್ನು ದಾಟಿ ಇಡೀ ಚಿತ್ರದ ಪ್ರಾತಿನಿಧ್ಯವನ್ನು ಅಳೆಯೋಕೆ, ಚಿತ್ರದಲ್ಲಿ ಹೆಂಗಸರಿಗೆ ಎಷ್ಟು ಜಾಗ ಇದೆ ಅಂತ ನೋಡೋ ಬೆಕ್‌ಡೆಲ್ ಪರೀಕ್ಷೆ ಒಂದೇ ಸಾಕಾ? ಚಿತ್ರವನ್ನು ಗಮನವಿಟ್ಟು ನೋಡಿದವರು ಹೇಳಿ.

ಹಳೇಪ್ರೊಜೆಕ್ಟರ್:

ಕತ್ತರಿಸೋ ವಿಚಾರ ಮೊದಲು ಮುಗಿಸೋಣ. ಸಾರ್ವಜನಿಕ ಪ್ರದರ್ಶನಕ್ಕೆ ನೀವು ತಗೊಳ್ಳೋ ಅನುಮತಿ ಚಿತ್ರ ಇದ್ದ ಹಾಗೇ ತೋರಿಸೋದಕ್ಕೆ. ಕತ್ತರಿ ಹಾಕಬೇಕಾದರೆ ಹಕ್ಕುದಾರರನ್ನು ಬೇರೆಯಾಗಿ ಕೇಳಬೇಕು. ಬ್ರಿಟನ್ನಿನ ಚಾನೆಲ್ 5 ಈ ಪಾತ್ರದ ದೃಶ್ಯಗಳನ್ನು ತೆಗೆದು 2022ರಲ್ಲಿ ಪ್ರಸಾರ ಮಾಡಿತ್ತು, ಅದಕ್ಕೂ ಸಾಕಷ್ಟು ಟೀಕೆ ಬಂತು. ಟಿವಿ ವಾಹಿನಿ ಮಾಡಿದ್ದನ್ನು ಕ್ಲಬ್ಬು ಮಾಡೋಕಾಗುತ್ತೆ ಅಂದುಕೊಳ್ಳಬೇಡಿ.

ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹೊಲಿಗೆ ಎಲ್ಲಿ ಬಿಚ್ಚುತ್ತೆ ನೋಡಿ. ಶೀರ್ಷಿಕೆ ಮುಗಿದ ಕೂಡಲೇ ನಾಯಕಿ ಹಾಲಿ ಮನೆಗೆ ಬರ್ತಾಳೆ, ಹಿಂದೆಯೇ ಒಬ್ಬ ಗಂಡಸು ಬೆನ್ನು ಹತ್ತಿದ್ದಾನೆ, ಬೀಗದ ಕೈ ಇಲ್ಲ, ಹಾಗಾಗಿ ಮೇಲಿನ ಮನೆಯ ಯುನಿಯೋಶಿಯ ಬೆಲ್ ಒತ್ತುತ್ತಾಳೆ. ಅವನು ನಿದ್ದೆಗಣ್ಣಲ್ಲಿ ಧಡಕ್ಕನೆ ಎದ್ದು ಮೇಲೆ ತೂಗುತ್ತಿರೋ ಕಾಗದದ ದೀಪಕ್ಕೆ ತಲೆ ಬಡಿಸಿಕೊಳ್ತಾನೆ, ಮೆಟ್ಟಿಲ ಕಟಕಟೆಗೆ ಬಂದು ಕೂಗಾಡ್ತಾನೆ. ಯಾವತ್ತಾದರೂ ಫೋಟೋ ತೆಗೆಯೋಕೆ ಬಿಡ್ತೀನಿ ಅಂತ ಹಾಲಿ ಆಸೆ ತೋರಿಸಿ ಅವನ ಬಾಯಿ ಮುಚ್ಚಿಸ್ತಾಳೆ. ಹಾಲಿ ಯಾರು ಅನ್ನೋದು ಮೊದಲ ಸಲ ಗೊತ್ತಾಗೋದು ಇಲ್ಲೇ: ಬೇರೆಯವರ ಬೆಲ್ ಒತ್ತಿ, ಮುದ್ದು ಮಾತಾಡಿ, ಏನೂ ಕೊಡದೆ ಜಾರಿಕೊಳ್ಳೋ ಹುಡುಗಿ. ಆಮೇಲೆ ನಾಯಕ ಪಾಲ್ ಬಂದು ಹಾಲಿಯ ಬೆಲ್ ಒತ್ತುತ್ತಾನಲ್ಲ, ಆ ತಮಾಷೆ ನಿಂತಿರೋದು ಇದರ ಮೇಲೆಯೇ. ಇದನ್ನು ತೆಗೆದರೆ ಪಾರ್ಟಿ ದೃಶ್ಯವೂ ಕುಂಟುತ್ತೆ, ಪೊಲೀಸರಿಗೆ ಫೋನ್ ಮಾಡೋನು ಇವನೇ ತಾನೆ.

ಆದರೆ ಇದರ ಇನ್ನೊಂದು ಮುಖ ಹೆಚ್ಚು ಮುಖ್ಯ. ಕಥೆಗೆ ಬೇಕಾಗಿರೋದು ‘ಸಿಡುಕಿನ ನೆರೆಮನೆಯವನು’ ಮಾತ್ರ. ಜಪಾನಿ ಅನ್ನೋದು, ಕೃತಕ ಹಲ್ಲು, ದಪ್ಪ ಕನ್ನಡಕ, ಮುರುಕು ಇಂಗ್ಲಿಷು, ಇದರಲ್ಲಿ ಒಂದೂ ಕಥೆಗೆ ಬೇಕಿಲ್ಲ. ಚರ್ಚೆಯಲ್ಲಿ ಇದನ್ನೇ ಎತ್ತಿ. ದೃಶ್ಯ ಪರದೆ ಮೇಲೆ ಕಾಣದಿದ್ದರೆ ಎತ್ತೋದಕ್ಕೇ ಆಗಲ್ಲ.

2008ರಲ್ಲಿ ಸ್ಯಾಕ್ರಮೆಂಟೊ ನಗರದ ಬಯಲು ಪ್ರದರ್ಶನದಿಂದ ಪ್ರತಿಭಟನೆಯ ಕಾರಣಕ್ಕೆ ಈ ಚಿತ್ರವನ್ನು ಕೈಬಿಟ್ಟು ‘ರಟಟೂಯಿ’ ಹಾಕಿದರು. 2011ರಲ್ಲಿ ಬ್ರೂಕ್ಲಿನ್ ಬ್ರಿಜ್ ಪಾರ್ಕಿನಲ್ಲಿ ಅರ್ಜಿ ಬಂದರೂ ಚಿತ್ರ ತೋರಿಸಿದರು. ಹಳೇ ಚಿತ್ರಗಳನ್ನು ತೋರಿಸೋ ಅಮೆರಿಕದ ಟಿಸಿಎಂ ವಾಹಿನಿ 2021ರ ಮಾರ್ಚಿನಲ್ಲಿ ‘ರೀಫ್ರೇಮ್ಡ್’ ಅನ್ನೋ ಸರಣಿ ಮಾಡಿ, ಇಂಥ 18 ಚಿತ್ರಗಳನ್ನು ಪೂರ್ತಿಯಾಗಿ, ನಿರೂಪಕರ ಮಾತಿನೊಂದಿಗೆ ತೋರಿಸಿತು. ಅದರಲ್ಲಿ ಇದೂ ಒಂದು. ನಿಮಗೆ ಮಾದರಿ ಬೇಕಿದ್ದರೆ ಆ ಕೊನೆಯದು.

ಗೋಧೂಳಿ_ಟಾಕೀಸ್:

‘ಆ ಕಾಲವೇ ಹಾಗಿತ್ತು’ ಅನ್ನೋರಿಗೆ ಆ ಕಾಲದ್ದೇ ಸಾಕ್ಷಿ ಕೊಡಿ.

ಮೊದಲು ಮೂಲ ಕಥೆ. ಟ್ರೂಮನ್ ಕಪೋಟಿಯ 1958ರ ಕಿರುಕಾದಂಬರಿಯಲ್ಲಿ ಯುನಿಯೋಶಿ ಕ್ಯಾಲಿಫೋರ್ನಿಯಾದವನು, ಸಚಿತ್ರ ಪತ್ರಿಕೆಗೆ ಕೆಲಸ ಮಾಡೋ ಫೋಟೋಗ್ರಾಫರ್. ಕಥೆ ಶುರುವಾಗೋದೇ ಅವನಿಂದ. ಆಫ್ರಿಕಾದಲ್ಲಿ ಹಾಲಿಯನ್ನೇ ಹೋಲೋ ಒಂದು ಮರದ ಕೆತ್ತನೆ ಕಂಡು ಅವನು ಫೋಟೋ ತೆಗೆದು ತರ್ತಾನೆ, ಆ ಫೋಟೋ ನೋಡಿಯೇ ಹಳಬರಿಗೆ ಅವಳ ನೆನಪು ಬರೋದು. ಪುಸ್ತಕದಿಂದ ಅವನನ್ನು ತೆಗೆದರೆ ಕಥೆ ಹೊರಡೋದೇ ಇಲ್ಲ. ಸಿನಿಮಾದಲ್ಲಿ ಅವನನ್ನು ತೆಗೆದರೆ ಒಂದು ಬೆಲ್ಲು, ಒಂದು ಫೋನ್ ಕರೆ ಹೋಗುತ್ತೆ ಅಷ್ಟೆ. ಹಾಗಂತ ಪುಸ್ತಕ ಹಾಲು ಬಿಳುಪೇನಲ್ಲ, ಅಲ್ಲಿನ ಹಾಲಿ ಕಪ್ಪು ಜನರ ಬಗ್ಗೆ ಆಡೋ ಮಾತುಗಳನ್ನು ಇವತ್ತು ಓದಿದರೆ ಮೈ ಉರಿಯುತ್ತೆ. ಆದರೆ ಯುನಿಯೋಶಿಯನ್ನು ಕೋಡಂಗಿ ಮಾಡಿದ್ದು ಸಿನಿಮಾದವರು. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್‌ಗೆ ಬಿದ್ದು ಎದ್ದು ನಗಿಸೋ ಹಾಸ್ಯ ಅಂದ್ರೆ ಪ್ರಾಣ. ಇದೇ ಮನುಷ್ಯ ಏಳು ವರ್ಷದ ಮೇಲೆ ‘ದಿ ಪಾರ್ಟಿ’ಯಲ್ಲಿ ಪೀಟರ್ ಸೆಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದು ಭಾರತೀಯನನ್ನಾಗಿ ಮಾಡಿದ್ದು. ನಮ್ಮವರಿಗೆ ಬೇಗ ಅರ್ಥ ಆಗಬೇಕಾದರೆ ಅದನ್ನೇ ಪಕ್ಕದಲ್ಲಿಡಿ.

ಜಪಾನಿ ನಟರು ಸಿಗ್ತಿರಲಿಲ್ವಾ? 1957ರ ‘ಸಯೊನಾರಾ’ಗೆ ಮಿಯೋಶಿ ಉಮೆಕಿ ಪೋಷಕ ನಟಿಯ ಆಸ್ಕರ್ ಗೆದ್ದಾಗಿತ್ತು. ಅದೇ ವರ್ಷದ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ಗೆ ಸೆಸ್ಯು ಹಯಕವಾಗೆ ನಾಮನಿರ್ದೇಶನ ಬಂದಿತ್ತು. 1959ರ ‘ದಿ ಕ್ರಿಮ್ಸನ್ ಕಿಮೋನೊ’ದಲ್ಲಿ ಜೇಮ್ಸ್ ಶಿಗೆಟಾ ಪತ್ತೇದಾರನಾಗಿದ್ದಾನೆ, ಬಿಳಿ ನಾಯಕಿ ಕೊನೆಗೆ ಒಲಿಯೋದೂ ಅವನಿಗೇ. 1961ರಲ್ಲೇ ಬಂದ ‘ಫ್ಲವರ್ ಡ್ರಮ್ ಸಾಂಗ್’ನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಏಷ್ಯಾ ಮೂಲದವರು. ಅದರಲ್ಲಿ ಹಾಸ್ಯ ಮಾಡಿದ ಜ್ಯಾಕ್ ಸೂ ಅನ್ನೋನ ನಿಜ ಹೆಸರು ಗೊರೊ ಸುಜುಕಿ. ಜಪಾನಿ-ಅಮೆರಿಕನ್, ಯುದ್ಧಕಾಲದಲ್ಲಿ ಯೂಟಾದ ಟೋಪಾಜ್ ಶಿಬಿರದಲ್ಲಿ ಬಂಧಿಯಾಗಿದ್ದವನು. ಅಂದರೆ ನಗಿಸಬಲ್ಲ ಜಪಾನಿ ನಟನೇ ಹಾಲಿವುಡ್ಡಿನಲ್ಲಿ ಓಡಾಡಿಕೊಂಡಿದ್ದ. (ಅವನಿಗೆ ಅಲ್ಲಿ ಸಿಕ್ಕಿದ್ದು ಚೀನೀಯನ ಪಾತ್ರ, ಅದು ಬೇರೆ ಮಾತು.)

ಆ ಶಿಬಿರಗಳ ಹಿನ್ನೆಲೆ ಹೇಳದೆ ಮುಂದೆ ಹೋಗಬೇಡಿ. 1942ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶ 9066ರ ಕೆಳಗೆ ಸುಮಾರು 1,20,000 ಜಪಾನಿ ಮೂಲದವರನ್ನು ಪಶ್ಚಿಮ ಕರಾವಳಿಯಿಂದ ಎತ್ತಿ ಶಿಬಿರಗಳಿಗೆ ಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳು. ಕೊನೆಯ ಶಿಬಿರ ಮುಚ್ಚಿದ್ದು 1946ರಲ್ಲಿ, ಚಿತ್ರಕ್ಕಿಂತ 15 ವರ್ಷ ಹಿಂದೆ. ಉಬ್ಬುಹಲ್ಲು, ಸೋಡಾಬುಡ್ಡಿ ಕನ್ನಡಕ ರೂನಿ ಹೊಸದಾಗಿ ಹುಟ್ಟಿಸಿದ್ದಲ್ಲ, ಯುದ್ಧಕಾಲದ ಪ್ರಚಾರ ಪೋಸ್ಟರುಗಳಲ್ಲಿ ಶತ್ರುವನ್ನು ಬರೀತಿದ್ದದ್ದೇ ಹಾಗೆ. ಒಂದು ಪೋಸ್ಟರನ್ನೂ ಚಿತ್ರದ ಒಂದು ಚೌಕಟ್ಟನ್ನೂ ಅಕ್ಕಪಕ್ಕ ತೋರಿಸಿ. ವಿವರಣೆ ಬೇಕಾಗಲ್ಲ.

ಕೊನೆಯದಾಗಿ, ‘ಆಗ ಯಾರೂ ತಕರಾರು ಮಾಡಲಿಲ್ಲ’ ಅನ್ನೋದು. ರೂನಿ 2008ರಲ್ಲಿ ಹೇಳಿದ್ದೂ ಇದನ್ನೇ: ನಲವತ್ತು ವರ್ಷದಲ್ಲಿ ಒಬ್ಬರೂ ದೂರಲಿಲ್ಲ, ಜನಕ್ಕೆ ನೋವಾಗುತ್ತೆ ಅಂತ ಗೊತ್ತಿದ್ದರೆ ಮಾಡ್ತಿರಲಿಲ್ಲ ಅಂತ. ಆದರೆ 1961ರಲ್ಲೇ ‘ಹಾಲಿವುಡ್ ರಿಪೋರ್ಟರ್’ನ ವಿಮರ್ಶೆ ಈ ಪಾತ್ರ ಬರೀ ವ್ಯಂಗ್ಯಚಿತ್ರ, ಅನೇಕರಿಗೆ ನೋವಾಗುತ್ತೆ ಅಂತ ಬರೆದಿತ್ತು. ನಿರ್ಮಾಪಕರಲ್ಲಿ ಒಬ್ಬರಾದ ರಿಚರ್ಡ್ ಶೆಫರ್ಡ್‌ಗೆ ರೂನಿ ಬೇಡವಾಗಿತ್ತು, ಪಟ್ಟು ಹಿಡಿದದ್ದು ಎಡ್ವರ್ಡ್ಸ್. ಆಮೇಲೆ ಡಿವಿಡಿಗಾಗಿ ಮಾಡಿದ ಸಂದರ್ಶನದಲ್ಲಿ ಎಡ್ವರ್ಡ್ಸ್ ಕೂಡ ಹಾಗೆ ಮಾಡಬಾರದಿತ್ತು, ಬೇರೆ ನಟನನ್ನು ಹಾಕೋ ಹಾಗಿದ್ದರೆ ಏನು ಬೇಕಾದರೂ ಕೊಡ್ತೀನಿ ಅಂದಿದ್ದಾರೆ. ಕಾಲದ ಮೇಲೆ ಹೊರಿಸೋಕೆ ಇಲ್ಲಿ ಏನು ಉಳೀತು ಹೇಳಿ? ಬೇರೆ ದಾರಿ ಕಣ್ಣೆದುರೇ ಇತ್ತು, ಇದನ್ನು ಆರಿಸಿಕೊಂಡರು.

ಮೂರನೇಸಾಲು:

ಇಬ್ಬರಿಗೂ ಧನ್ಯವಾದ. ಪುಸ್ತಕದಲ್ಲಿ ಕಥೆ ಶುರು ಮಾಡೋದೇ ಯುನಿಯೋಶಿ ಅನ್ನೋದು ಸಮಿತಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಕತ್ತರಿಸೋ ಮಾತು ಕೈಬಿಡ್ತೀವಿ. ಮೂರನೇ ಪ್ರಶ್ನೆ ಹಾಗೇ ಉಳೀತು. ನಾಲ್ಕೈದು ಜನ ಸದಸ್ಯರು ಮೊದಲೇ ಚಿತ್ರ ನೋಡಿ ಲೆಕ್ಕ ಹಾಕಿಕೊಂಡು ಬರೋಕೆ ತಯಾರಿದ್ದಾರೆ. ಅವರ ಕೈಗೆ ಏನು ಕೊಡಲಿ?

ಎಣಿಕೆಪಟ್ಟಿ:

ಬೆಕ್‌ಡೆಲ್ ಪರೀಕ್ಷೆ 1985ರ ಒಂದು ಕಾಮಿಕ್ ಪಟ್ಟಿಯಿಂದ ಬಂದದ್ದು. ಇಬ್ಬರು ಹೆಂಗಸರು ಇರಬೇಕು, ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಹೌದು ಇಲ್ಲ ಎರಡೇ ಉತ್ತರ. ನೂರಾರು ಚಿತ್ರಗಳನ್ನು ಒಟ್ಟಿಗೆ ಜರಡಿ ಹಿಡಿಯೋಕೆ ಸರಿ, ಒಂದೇ ಚಿತ್ರವನ್ನು ಅರ್ಥ ಮಾಡಿಕೊಳ್ಳೋಕೆ ನಿಷ್ಪ್ರಯೋಜಕ. ಜನಾಂಗದ ವಿಷಯಕ್ಕಂತೂ ಅದು ಹೋಗೋದೇ ಇಲ್ಲ. ನಿಮಗೆ ಕೆಲಸಕ್ಕೆ ಬರೋದು ‘ಗ್ಲಾಡ್’ ಸಂಸ್ಥೆ 2013ರಲ್ಲಿ ತಂದ ವೀಟೊ ರುಸ್ಸೊ ಪರೀಕ್ಷೆಯ ಮೂರನೇ ನಿಯಮ: ಆ ಪಾತ್ರವನ್ನು ತೆಗೆದರೆ ಕಥೆಗೆ ಗಣನೀಯ ವ್ಯತ್ಯಾಸ ಆಗಬೇಕು. ಅದು ಸಲಿಂಗಿ ಮತ್ತು ಲಿಂಗ ಅಲ್ಪಸಂಖ್ಯಾತ ಪಾತ್ರಗಳಿಗೆ ಅಂತ ಮಾಡಿದ್ದು, ಆದರೂ ಯಾವ ಪಾತ್ರಕ್ಕೆ ಬೇಕಾದರೂ ಹಿಡಿದು ನೋಡಬಹುದು. ಮೇಲೆ ಇಬ್ಬರೂ ಮಾಡಿರೋದು ಅದನ್ನೇ.

ಲೆಕ್ಕಕ್ಕೆ ಒಂದು ಹಾಳೆ, ಪ್ರತಿ ಪಾತ್ರಕ್ಕೆ ಒಂದು ಸಾಲು. ಅಂಕಣಗಳು: ಪಾತ್ರದ ಹೆಸರು, ಪಾತ್ರದ ಮೂಲ, ನಟನ ಮೂಲ, ಮೊದಲು ಕಾಣೋ ಸಮಯ, ತೆರೆಯ ಮೇಲೆ ಒಟ್ಟು ಸೆಕೆಂಡು, ಮಾತಿನ ಸರದಿ ಎಷ್ಟು, ಮುಖ ಕಾಣದೆ ದನಿ ಮಾತ್ರ ಕೇಳೋದು ಎಷ್ಟು ಸಲ, ಬೇರೆ ಪಾತ್ರಗಳು ಅವರನ್ನು ಹೆಸರು ಹಿಡಿದು ಕರೀತಾರಾ, ತೆಗೆದರೆ ಕಥೆ ನಿಲ್ಲುತ್ತಾ. ಯಾರನ್ನು ‘ಮಾತಾಡೋ ಪಾತ್ರ’ ಅನ್ನಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನನ್‌ಬರ್ಗ್ ಸಂಶೋಧಕರು ತೆರೆಯ ಮೇಲೆ ಒಂದು ಪದ ಆಡಿದರೂ ಸಾಕು, ಅಥವಾ ಹೆಸರಿದ್ದರೂ ಸಾಕು ಅಂತ ಎಣಿಸ್ತಾರೆ. ಅದನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪಾರ್ಟಿ ದೃಶ್ಯದಲ್ಲಿ ಒಂದು ತಲೆಗೆ ಒಂದು ವಾದ ಶುರುವಾಗುತ್ತೆ.

ಚಿತ್ರ ಸುಮಾರು 115 ನಿಮಿಷ. ಒಬ್ಬರೇ ಕೂತು ಎಣಿಸಿದರೆ ಅರ್ಧ ದಾಟೋ ಹೊತ್ತಿಗೆ ಗಮನ ಸಡಿಲ ಆಗುತ್ತೆ, ಕೊನೆಯ ಭಾಗದ ಅಂಕಿ ಯಾವಾಗಲೂ ಕಡಿಮೆ ಬರುತ್ತೆ. 20 ನಿಮಿಷದ ತುಂಡುಗಳಾಗಿ ಹಂಚಿ. ಅದಕ್ಕೂ ಮೊದಲು ಎಲ್ಲರೂ ಮೊದಲ 10 ನಿಮಿಷವನ್ನು ಬೇರೆ ಬೇರೆ ಎಣಿಸಿ ಹೋಲಿಸಲಿ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತಪ್ಪು ಎಣಿಸೋರದ್ದಲ್ಲ, ನಿಮ್ಮ ನಿಯಮ ಸ್ಪಷ್ಟವಾಗಿಲ್ಲ. ಸಾಮಾನ್ಯವಾಗಿ ಎಡವಟ್ಟಾಗೋದು ಎರಡು ಕಡೆ. ಇಬ್ಬರು ಒಂದೇ ಶಾಟ್‌ನಲ್ಲಿದ್ದಾಗ ಸೆಕೆಂಡನ್ನು ಇಬ್ಬರಿಗೂ ಪೂರ್ತಿ ಹಾಕಬೇಕು, ಕೆಲವರು ಅರ್ಧರ್ಧ ಹಂಚಿಬಿಡ್ತಾರೆ. ಹಾಗೆಯೇ ಬೆನ್ನು ಮಾತ್ರ ಕಾಣೋ ಶಾಟ್. ಮಾತು ಅವರದ್ದಾದರೆ ಸೇರಿಸಿ, ಇಲ್ಲದಿದ್ದರೆ ಬಿಡಿ.

ಮಾತಿನ ಸರದಿ ಎಣಿಸೋಕೆ ಕಿವುಡರಿಗಾಗಿ ಮಾಡಿದ ಸಬ್‌ಟೈಟಲ್ ಕಡತ ಹಾಕಿಕೊಳ್ಳಿ. ಮಾತಾಡುವವರು ಚೌಕಟ್ಟಿನ ಹೊರಗಿದ್ದಾಗ ಅದರಲ್ಲಿ ಹೆಸರು ಬರುತ್ತೆ, ಯುನಿಯೋಶಿ ಮಹಡಿಯಿಂದ ಕೂಗೋದನ್ನು ಬಿಡದೆ ಹಿಡಿಯೋಕೆ ಅನುಕೂಲ. ಆದರೆ ಸಬ್‌ಟೈಟಲ್‌ನ ಒಂದು ಸಾಲು ಅಂದ್ರೆ ಒಂದು ಸರದಿ ಅಲ್ಲ, ಉದ್ದ ಮಾತನ್ನು ಮೂರು ಸಾಲಾಗಿ ಒಡೆದಿರ್ತಾರೆ.

ಇನ್ನೊಂದು ಅಂಕಣ ನನ್ನ ಕಡೆಯಿಂದ: ಆ ಪಾತ್ರಕ್ಕೆ ಯಾರಾದರೂ ಶಾಂತವಾಗಿ, ಸಮನಾಗಿ ಉತ್ತರ ಕೊಡ್ತಾರಾ? ಕೂಗಾಟ, ಗದರಿಕೆ, ಪುಸಲಾಯಿಸೋದನ್ನು ಬಿಟ್ಟು. ಯುನಿಯೋಶಿಯ ಸಾಲಿನಲ್ಲಿ ಈ ಅಂಕಣ ತುಂಬುವಾಗ ಸಭೆಯೇ ಸುಮ್ಮನಾಗುತ್ತೆ ನೋಡಿ.

ಬೆಕ್ಕಿಗೆ_ಹೆಸರಿಲ್ಲ:

ಎಣಿಕೆ ಸರಿ, ಆದರೆ ಇದು ರೊಮ್ಯಾಂಟಿಕ್ ಕಾಮಿಡಿ. ಇಲ್ಲಿ ಪ್ರಾತಿನಿಧ್ಯದ ಅಸಲಿ ಪ್ರಶ್ನೆ ಪ್ರೀತಿಸೋ ಅವಕಾಶ ಯಾರಿಗೆ ಇದೆ ಅನ್ನೋದು. ಸೆಕೆಂಡುಗಳಲ್ಲಿ ಅದು ಕಾಣಲ್ಲ.

ಕಿರುಕಾದಂಬರಿಯ ನಿರೂಪಕನಿಗೆ ಹೆಸರಿಲ್ಲ, ಹಾಲಿಯ ಜೊತೆ ಪ್ರಣಯವೂ ಇಲ್ಲ. ಅವನು ಸಲಿಂಗಿ ಅಂತ ಓದೋರು ಬಹಳ ಜನ. ಕೊನೆಗೆ ಹಾಲಿ ಬ್ರೆಜಿಲ್‌ಗೆ ಹೊರಟೇ ಹೋಗ್ತಾಳೆ. ಚಿತ್ರಕಥೆ ಬರೆದ ಜಾರ್ಜ್ ಆಕ್ಸೆಲ್‌ರಾಡ್ ಆ ನಿರೂಪಕನನ್ನು ಪಾಲ್ ವಾರ್ಜಾಕ್ ಮಾಡಿ, ಅವನನ್ನು ದುಡ್ಡು ಕೊಟ್ಟು ಇಟ್ಟುಕೊಂಡಿರೋ ಶ್ರೀಮಂತ ಹೆಂಗಸನ್ನು ಸೇರಿಸಿದ. ಪ್ಯಾಟ್ರಿಷಿಯಾ ನೀಲ್ ಮಾಡಿದ ಪಾತ್ರ ಅದು, ಪುಸ್ತಕದಲ್ಲಿ ಅಂಥವಳೇ ಇಲ್ಲ. ಪಾಲ್‌ಗೆ ಹೆಂಗಸರೆಂದರೆ ಆಸೆ ಅಂತ ಮೊದಲ ರೀಲಿನಲ್ಲೇ ಮೊಳೆ ಹೊಡೆದಂತಾಯ್ತು. ಮಳೆಯಲ್ಲಿ ಮುತ್ತು ಕೊಡಿಸೋಕೆ ಇಷ್ಟು ತಯಾರಿ ಬೇಕಿತ್ತು.

ಅದಕ್ಕೆ ನಿಯಮದ ಕಾರಣವೂ ಇದೆ. ತೆರೆ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಅಂತ ಹಾಲಿವುಡ್ಡು ಹಾಕಿಕೊಂಡಿದ್ದ ನಿರ್ಮಾಣ ಸಂಹಿತೆಯಲ್ಲಿ 1956ರ ಕೊನೆವರೆಗೆ ಕಪ್ಪು-ಬಿಳಿ ಜನಾಂಗಗಳ ನಡುವಿನ ಪ್ರಣಯಕ್ಕೆ ನಿಷೇಧ ಇತ್ತು. ಸಲಿಂಗ ಪ್ರೇಮದ ಮೇಲಿನ ನಿಷೇಧ ಸಡಿಲವಾಗಿದ್ದು 1961ರ ಅಕ್ಟೋಬರಿನಲ್ಲಿ, ಈ ಚಿತ್ರ ತೆರೆಕಂಡ ತಿಂಗಳಲ್ಲೇ. ಇವರ ಕೈಯಲ್ಲಿ ಅಷ್ಟರಲ್ಲಿ ಚಿತ್ರ ಮುಗಿದಿತ್ತು. ಹಾಗಾಗಿ ನಿರೂಪಕನ ವಿಷಯದಲ್ಲಿ ‘ಆ ಕಾಲವೇ ಹಾಗಿತ್ತು’ ಅನ್ನೋದು ಸುಮಾರು ಮಟ್ಟಿಗೆ ನಿಜ, ಯುನಿಯೋಶಿಯ ವಿಷಯದಲ್ಲಿ ಅದು ನೆಪ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಜೊಸೆಯನ್ನು ಮರೀಬೇಡಿ. ಹಾಲಿ ಮದುವೆಯಾಗೋಕೆ ಹೊರಟ ಬ್ರೆಜಿಲಿನ ಶ್ರೀಮಂತ, ನಟಿಸಿದ್ದು ಸ್ಪೇನಿನ ಜೊಸೆ ಲೂಯಿಸ್ ದೆ ವಿಯಲ್ಯೊಂಗ. ಕೃತಕ ಹಲ್ಲಿಲ್ಲ, ಮುಖಕ್ಕೆ ಬಣ್ಣ ಬಳಿದಿಲ್ಲ, ಘನವಾಗಿ ನಡ್ಕೊಳ್ತಾನೆ, ಹಾಗಾಗಿ ಯಾರೂ ತಕರಾರು ತೆಗೆಯಲ್ಲ. ಹಾಲಿ ಅವನಿಗಾಗಿ ಗ್ರಾಮಫೋನ್ ರೆಕಾರ್ಡ್ ಹಾಕಿಕೊಂಡು ಪೋರ್ಚುಗೀಸ್ ಕಲಿಯೋದೂ ಮುದ್ದಾಗಿದೆ. ಆದರೆ ಅವಳ ಹೆಸರು ಪೇಪರಿನಲ್ಲಿ ಬಂದ ಕೂಡಲೇ ಮನೆತನದ ಮಾನಕ್ಕೆ ಹೆದರಿ ಚೀಟಿ ಕಳಿಸಿ ಕೈ ತೊಳೆದುಕೊಳ್ತಾನೆ. ಹೊರಗಿನವರು ಇಬ್ಬರು, ಒಬ್ಬ ಗೇಲಿಗೆ, ಇನ್ನೊಬ್ಬ ಕೈಕೊಡೋದಕ್ಕೆ. ಹುಡುಗಿ ಸಿಗೋದು ಮೂರನೆಯವನಿಗೆ. ಎಣಿಕೆಪಟ್ಟಿ ಅವರ ಹಾಳೆಗೆ ‘ಕೊನೆಗೆ ಯಾರ ಜೊತೆ ಉಳೀತಾರೆ’ ಅನ್ನೋ ಅಂಕಣ ಸೇರಿಸಿ.

ಹಳೇಪ್ರೊಜೆಕ್ಟರ್:

ಬೆಕ್ಕಿನವರ ಮಾತಿಗೆ ಒಂದು ಸೇರ್ಪಡೆ. ವರ್ಗ, ವಯಸ್ಸು ಕೂಡ ಹಾಳೆಯಲ್ಲಿ ಇರಲಿ. ಹಾಲಿ ನಿಜಕ್ಕೂ ಟೆಕ್ಸಸ್ಸಿನ ಬಡ ಹುಡುಗಿ ಲೂಲಾ ಮೇ, ಹದಿನಾಲ್ಕು ತುಂಬೋ ಹೊತ್ತಿಗೆ ವಯಸ್ಸಾದ ಡಾಕ್ ಜೊತೆ ಮದುವೆಯಾದವಳು. ಬಡ್ಡಿ ಎಬ್ಸನ್ ಆ ಡಾಕ್‌ನನ್ನು ಎಷ್ಟು ಮೃದುವಾಗಿ ಮಾಡಿದ್ದಾನೆ ಅಂದ್ರೆ ಪ್ರೇಕ್ಷಕ ಅವನಿಗೇ ಮರುಗುತ್ತಾನೆ, ಮಗುವಿನ ಮದುವೆ ಅನ್ನೋದು ಬದಿಗೆ ಸರಿದುಹೋಗುತ್ತೆ. ಯುನಿಯೋಶಿಯದು ಕಣ್ಣಿಗೆ ಹೊಡೆಯೋ ತಪ್ಪು, ಇದು ಸಂಗೀತದ ಕೆಳಗೆ ಮುಚ್ಚಿಹೋಗೋದು.

ಈಗ ಸಂಜೆಯ ಏರ್ಪಾಡು. ಮುನ್ನುಡಿ ನಾಲ್ಕು ನಿಮಿಷ ಮೀರಬಾರದು. ಅದರಲ್ಲಿ ಮೂರೇ ವಿಷಯ: ಯುನಿಯೋಶಿ ಪಾತ್ರ ಬರುತ್ತೆ, ಅದನ್ನು ಮಾಡಿದ್ದು ಬಿಳಿ ನಟ, ದೃಶ್ಯಗಳನ್ನು ತೆಗೆದಿಲ್ಲ ಯಾಕೆ. ಶಿಬಿರ, ಸಂಹಿತೆ, ಪುಸ್ತಕ ಎಲ್ಲ ಆಮೇಲೆ. ಮುನ್ನುಡಿಯಲ್ಲೇ ತೀರ್ಪು ಕೊಟ್ಟರೆ ಜನ ಆ ಪಾತ್ರಕ್ಕಾಗಿ ಕಾಯ್ತಾ ಕೂತು ಉಳಿದ ಚಿತ್ರ ನೋಡೋದೇ ಇಲ್ಲ. ಮುನ್ನುಡಿಯೇ ಇಲ್ಲದಿದ್ದರೆ ಮೊದಲ ದೃಶ್ಯಕ್ಕೆ ಕೆಲವರು ನಗ್ತಾರೆ, ಕೆಲವರು ಸಿಡಿಮಿಡಿಗೊಳ್ತಾರೆ, ಚರ್ಚೆ ಚಿತ್ರ ಬಿಟ್ಟು ‘ನೀವ್ಯಾಕೆ ನಕ್ಕಿರಿ’ ಅನ್ನೋ ಕಡೆ ತಿರುಗುತ್ತೆ.

ಚರ್ಚೆ ಶುರು ಮಾಡೋಕೆ 1993ರ ‘ಡ್ರ್ಯಾಗನ್: ದಿ ಬ್ರೂಸ್ ಲೀ ಸ್ಟೋರಿ’ಯ ಒಂದು ತುಣುಕು ಸಾಕು. ಬ್ರೂಸ್ ಮತ್ತು ಲಿಂಡಾ ಥಿಯೇಟರಿನಲ್ಲಿ ಕೂತು ಇದೇ ಚಿತ್ರ ನೋಡ್ತಾರೆ. ಸುತ್ತ ಎಲ್ಲರ ಜೊತೆ ಲಿಂಡಾ ಕೂಡ ನಗ್ತಾಳೆ, ಆಮೇಲೆ ಪಕ್ಕಕ್ಕೆ ತಿರುಗಿ ಅವನ ಮುಖ ನೋಡ್ತಾಳೆ, ಇಬ್ಬರೂ ಎದ್ದು ಹೋಗ್ತಾರೆ. ಅದು ಮುಗಿದ ಮೇಲೆ ಎಣಿಕೆ ಹಾಳೆಯನ್ನು ಹತ್ತು ನಿಮಿಷ ಪರದೆ ಮೇಲೆ ಹಾಕಿ, ಪೋಸ್ಟರ್ ಹೋಲಿಕೆಗೆ ಐದು ನಿಮಿಷ, ಉಳಿದದ್ದು ಸಭೆಗೆ.

ಒಂದು ವಾದ ಖಂಡಿತ ಬರುತ್ತೆ: ‘2012ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿದೆ, ಅಷ್ಟು ಕೆಟ್ಟದಾದರೆ ಯಾಕೆ ಸೇರಿಸಿದರು?’ ಸಂಸ್ಕೃತಿ, ಇತಿಹಾಸ ಅಥವಾ ಕಲೆಯ ದೃಷ್ಟಿಯಿಂದ ಮಹತ್ವ ಇದ್ದರೆ ಆ ಪಟ್ಟಿಗೆ ಸೇರಿಸ್ತಾರೆ, ನಡತೆಗೆ ಕೊಡೋ ಪ್ರಮಾಣಪತ್ರ ಅಲ್ಲ ಅದು. ಜನಾಂಗದ್ವೇಷಕ್ಕೆ ಕುಖ್ಯಾತವಾದ 1915ರ ‘ದಿ ಬರ್ತ್ ಆಫ್ ಎ ನೇಷನ್’ ಕೂಡ ಅದೇ ಪಟ್ಟಿಯಲ್ಲಿದೆ. ಇಷ್ಟು ಹೇಳಿ ಮುಂದಿನ ಪ್ರಶ್ನೆಗೆ ಹೋಗಿ, ಇಲ್ಲದಿದ್ದರೆ ಮುಕ್ಕಾಲು ಗಂಟೆಯೂ ಅದರಲ್ಲೇ ಹೋಗುತ್ತೆ.